ಅವಳಿ ಎಂಜಿನ್ ವಿಮಾನದ ಕನಿಷ್ಠ ನಿಯಂತ್ರಣ ವೇಗ

ಒಂದು ಎಂಜಿನ್ ಕೆಟ್ಟು ಇನ್ನೊಂದು ಪೂರ್ಣ ಶಕ್ತಿಯಲ್ಲಿರುವಾಗ ವಿಮಾನವನ್ನು ನೇರವಾಗಿ ಹಾರಿಸಬಲ್ಲ ಅತಿ ಕಡಿಮೆ ವೇಗವೇ ಕನಿಷ್ಠ ನಿಯಂತ್ರಣ ವೇಗ. ಸಣ್ಣ ವಿಮಾನಗಳ ವೇಗಮಾಪಕದಲ್ಲಿ ಇದಕ್ಕೆ ಕೆಂಪು ಗೆರೆ ಇರುತ್ತದೆ. ತರಬೇತಿಯಲ್ಲಿ ಬೋಧಕರು ಸುರಕ್ಷಿತ ಎತ್ತರದಲ್ಲಿ ಒಂದು ಥ್ರಾಟಲ್ ಹಿಂದೆಳೆಯುತ್ತಾರೆ. ಆಗ ವಿಮಾನದ ಮೂತಿಯು ‘ಕೆಟ್ಟ’ ಎಂಜಿನ್ನಿನತ್ತ ತಿರುಗುತ್ತದೆ. ಶಿಕ್ಷಾರ್ಥಿ ಎದುರು ಬದಿಯ ರಡ್ಡರ್ ಪೆಡಲ್ ಒತ್ತಿ, ನಡೆಯುತ್ತಿರುವ ಎಂಜಿನ್ನಿನತ್ತ 5 ಡಿಗ್ರಿ ಮೀರದಂತೆ ವಿಮಾನವನ್ನು ವಾಲಿಸಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಬದಿಯ ಎಂಜಿನ್ನೇ ಕೆಟ್ಟದ್ದು. ವೇಗ ಕುಸಿದು ಹಿಡಿತ ತಪ್ಪತೊಡಗಿದರೆ ಉಳಿದ ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸಿ ಮೂತಿ ಇಳಿಸಬೇಕು. ಹೊಸಬರ ಮನಸ್ಸು ಸುಲಭವಾಗಿ ಒಪ್ಪದ ಪಾಠವಿದು. ಕೆಟ್ಟ ಎಂಜಿನ್ ಯಾವುದೆಂದು ನಿರ್ಧರಿಸುವಾಗ ಅವಸರವೂ ಅಪಾಯಕರ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ವಿಮಾನ ಸಂಸ್ಥೆಯ ಎಟಿಆರ್ 72 ವಿಮಾನದಲ್ಲಿ ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಲಾಯಿತು. 43 ಮಂದಿ ಸತ್ತರು.