ಹಳೆಯ ಪ್ರೊಸೆಸರ್‌ಗಳಿಗೆ ಲಿನಕ್ಸ್ ಕರ್ನೆಲ್ ಸಂಕಲನ

486, ಪೆಂಟಿಯಂ ಮೊದಲಾದ ಹಳೆಯ 32 ಬಿಟ್ ಪ್ರೊಸೆಸರ್‌ಗಳಲ್ಲಿ ಓಡುವಂತೆ ಲಿನಕ್ಸ್ ಕರ್ನೆಲ್‌ಅನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿಕೊಳ್ಳುವ ವಿಧಾನ. ಹಳೆಯ ಯಂತ್ರದಲ್ಲೇ ಮಾಡಲು ಹೋದರೆ ತುಂಬ ಹೊತ್ತು ಹಿಡಿಯುವುದರಿಂದ ಹೊಸ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ, ಸಿದ್ಧವಾದ ಕಡತವನ್ನು ಅಲ್ಲಿಗೆ ಒಯ್ಯುವುದು ರೂಢಿ.

ಕರ್ನೆಲ್ ಆಯ್ಕೆಗಳನ್ನು ಆರಿಸುವ ಮೆನುಕಾನ್ಫಿಗ್‌ನ ‘ಪ್ರೊಸೆಸರ್ ಫ್ಯಾಮಿಲಿ’ ಪಟ್ಟಿಯಲ್ಲಿ ಮಾಡುವ ಆಯ್ಕೆಯೇ ಇಲ್ಲಿ ನಿರ್ಣಾಯಕ. ಯಾವ ಆದೇಶಗಳನ್ನು ಧೈರ್ಯವಾಗಿ ಬಳಸಬಹುದು ಎಂಬುದನ್ನು ಕಂಪೈಲರ್ ಇದರಿಂದಲೇ ತಿಳಿಯುತ್ತದೆ. 1989ರ 486 ‘ಸಿಎಂಪಿಎಕ್ಸ್‌ಸಿಎಚ್‌ಜಿ’ ಆದೇಶವನ್ನು ತಂದಿತು. 1993ರ ಪೆಂಟಿಯಂ ಅದರ 8 ಬೈಟ್ ರೂಪವನ್ನು, 1995ರ ಪೆಂಟಿಯಂ ಪ್ರೊ ‘ಸಿಮೂವ್’ ಆದೇಶವನ್ನು ಸೇರಿಸಿದವು. 486ಕ್ಕೆಂದು ಕಟ್ಟಿದ ಕರ್ನೆಲ್ ಪೆಂಟಿಯಂ ಪ್ರೊ ಮೇಲೂ ಓಡುತ್ತದೆ, ತಿರುಗಾಮುರುಗಾ ಆದರೆ ಓಡದು. ಪೆಂಟಿಯಂ ಪ್ರೊ ಕರ್ನೆಲ್‌ಅನ್ನು ಪೆಂಟಿಯಂಗೆ ಹಾಕಿದರೆ, ಐ686 (ಪೆಂಟಿಯಂ ಪ್ರೊ ವರ್ಗ) ಬೇಕು, ಇಲ್ಲಿರುವುದು ಐ586 (ಪೆಂಟಿಯಂ ವರ್ಗ) ಮಾತ್ರ ಎಂಬ ಒಂದು ಸಾಲನ್ನು ತೋರಿಸಿ ಬೂಟ್ ನಿಂತುಬಿಡುತ್ತದೆ. ಕಾರಣವನ್ನು ಹೇಳಿ ನಿಲ್ಲುವ ಈ ಏರ್ಪಾಡು ಬಳಕೆದಾರನಿಗೆ ದೊಡ್ಡ ಉಪಕಾರ. ಫ್ಯಾಮಿಲಿ ಸಂಖ್ಯೆಯೊಂದನ್ನೇ ನಂಬುವಂತೆಯೂ ಇಲ್ಲ: ಮೊದಲ ವಯಾ ಸಿ3 ಚಿಪ್‌ಗಳು ತಮ್ಮನ್ನು 6ನೇ ಫ್ಯಾಮಿಲಿ ಎಂದು ಹೇಳಿಕೊಂಡರೂ ಅವುಗಳಲ್ಲಿ ಸಿಮೂವ್ ಇಲ್ಲ.

486 ಎಸ್‌ಎಕ್ಸ್‌ನಲ್ಲಿ ದಶಮಾಂಶ ಲೆಕ್ಕದ ಘಟಕ ಇರುವುದಿಲ್ಲ. ಅದಕ್ಕೆ ‘ಮ್ಯಾಥ್ ಎಮ್ಯುಲೇಶನ್’ ಆಯ್ಕೆಯನ್ನು ಸೇರಿಸಲೇಬೇಕು. ಸಂದೇಹವಿದ್ದರೆ ಸೇರಿಸುವುದೇ ಲೇಸು. ಕರ್ನೆಲ್‌ನ ಸಹಾಯ ಪಠ್ಯದ ಪ್ರಕಾರ ಗಾತ್ರ 66 ಕಿಲೋಬೈಟ್ ಹೆಚ್ಚುವುದು ಬಿಟ್ಟರೆ ಬೇರೆ ನಷ್ಟವಿಲ್ಲ. ಪೆಂಟಿಯಂ ಪ್ರೊಗಿಂತ ಹಿಂದಿನವುಗಳಲ್ಲಿ 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುವ ಪಿಎಇ ಸೌಲಭ್ಯವಿಲ್ಲ, ಹಾಗಾಗಿ 64 ಜಿಬಿ ಮೆಮೊರಿಯ ಆಯ್ಕೆ ಇರುವ ಕರ್ನೆಲ್‌ಗಳಲ್ಲಿ ಅದು ಬೇಡ. ಒಂದೇ ಪ್ರೊಸೆಸರ್ ಇದ್ದರೆ ಹಲವು ಪ್ರೊಸೆಸರ್‌ಗಳನ್ನು ಬಳಸುವ ಎಸ್‌ಎಂಪಿ ಆಯ್ಕೆಯನ್ನೂ ಕೈಬಿಡಬಹುದು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ತೊಡಗಿದ್ದೇ 386 ಯಂತ್ರದ ಮೇಲೆ. 2013ರ ಫೆಬ್ರವರಿಯಲ್ಲಿ ಬಂದ 3.8ನೇ ಆವೃತ್ತಿ ಆ 386ರ ಬೆಂಬಲವನ್ನೇ ತೆಗೆದುಹಾಕಿತು. ಕರ್ನೆಲ್ ತಾನೇ ಮೆಮೊರಿಗೆ ಬರೆಯುವಾಗ 386 ಮೆಮೊರಿ ಪುಟಗಳ ಬರಹ ನಿರ್ಬಂಧವನ್ನು ಪಾಲಿಸುವುದಿಲ್ಲ, ಸಿಎಂಪಿಎಕ್ಸ್‌ಸಿಎಚ್‌ಜಿ ಕೂಡ ಅದರಲ್ಲಿಲ್ಲ. ಆ ಕೊರತೆ ತುಂಬಲು ಇಟ್ಟುಕೊಂಡಿದ್ದ ಕೋಡ್ ಎಲ್ಲರಿಗೂ ಹೊರೆಯಾಗಿತ್ತು. ಆ ನಿರ್ಧಾರ ಸರಿಯಾದದ್ದೇ. 386 ಇಟ್ಟುಕೊಂಡವರು 3.7 ಅಥವಾ ಅದಕ್ಕಿಂತ ಹಿಂದಿನ ಸೋರ್ಸ್ ಕೋಡ್ ಬಳಸಬೇಕು, ಕಂಪೈಲರನ್ನೂ ಆ ಕಾಲದ್ದನ್ನೇ ಹುಡುಕಬೇಕು. ಆ ಕರ್ನೆಲ್‌ಗಳು ಜಿಸಿಸಿ ಕಂಪೈಲರಿನ ಪ್ರತಿ ಮುಖ್ಯ ಆವೃತ್ತಿಗೂ ಬೇರೆ ಹೆಡರ್ ಕಡತವನ್ನು ಕೇಳುತ್ತವೆ; 3.7ರಲ್ಲಿ ಜಿಸಿಸಿ 4ರವರೆಗಿನ ಕಡತಗಳಷ್ಟೇ ಇವೆ.