ಮುದ್ದೆಯೊಳಗಿನ ಶಾಖ: ಕ್ಯಾಲೊರಿ ಲೆಕ್ಕ ಬೆಳೆದು ಬಂದ ಬಗೆ

ನೂರು ಗ್ರಾಂ ರಾಗಿಯಲ್ಲಿ 328 ಕ್ಯಾಲೊರಿ ಇದೆ ಎಂದು ನಮ್ಮ ದೇಶದ ಹಳೆಯ ಆಹಾರ ಕೋಷ್ಟಕ ಹೇಳುತ್ತದೆ. 2017ರ ಹೊಸ ಕೋಷ್ಟಕದ ಪ್ರಕಾರ ಅದು ಸುಮಾರು 320. ನಡುವಿನ ಕಾಲದಲ್ಲಿ ಅಳೆಯುವ ವಿಧಾನವೇ ಬದಲಾಗಿದೆ. ಪೊಟ್ಟಣದ ಮೇಲೆ, ಹೋಟೆಲಿನ ಪಟ್ಟಿಯಲ್ಲಿ, ಮೊಬೈಲಿನ ಪರದೆಯಲ್ಲಿ ದಿನವೂ ಕಣ್ಣಿಗೆ ಬೀಳುವ ಈ ಅಂಕಿಯನ್ನು ಯಾರು, ಯಾಕೆ, ಹೇಗೆ ಕಂಡುಕೊಂಡರೆಂದು ತಿಳಿದರೆ ಅದನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ.

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾದ ಶಾಖವೇ ಒಂದು ಕಿಲೋಕ್ಯಾಲೊರಿ. ಆಹಾರದ ಮಾತಿನಲ್ಲಿ ಇದನ್ನೇ ‘ಕ್ಯಾಲೊರಿ’ ಎನ್ನುವುದು ರೂಢಿ. ಅಂದರೆ ಇದು ಮೂಲತಃ ಶಾಖದ ಅಳತೆ.

ಮಂಜುಗಡ್ಡೆ ಕರಗಿಸಿದ ಉಸಿರು

1782–83ರ ಚಳಿಗಾಲದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿದರು. ಅದರ ಮೈಬಿಸಿಗೆ ಕರಗಿದ ನೀರನ್ನು ತೂಗಿ, ಅದು ಉಸಿರಿನಲ್ಲಿ ಬಿಟ್ಟ ಅನಿಲದೊಂದಿಗೆ ಹೋಲಿಸಿದರು. ಇದ್ದಿಲು ಉರಿಯುವುದಕ್ಕೂ ಜೀವಿ ಉಸಿರಾಡುವುದಕ್ಕೂ ನಂಟಿದೆ, ಉಸಿರಾಟವೆಂದರೆ ನಿಧಾನವಾದ ದಹನ ಎಂಬ ತೀರ್ಮಾನ ಹುಟ್ಟಿದ್ದು ಅಲ್ಲಿ. ‘ಕ್ಯಾಲೊರಿ’ ಎಂಬ ಪದ ಬಂದದ್ದು ಆಮೇಲೆ, 1820ರ ಆಸುಪಾಸಿನಲ್ಲಿ ನಿಕೊಲಾಸ್ ಕ್ಲೆಮೆಂಟ್ ಪ್ಯಾರಿಸಿನಲ್ಲಿ ಕೊಡುತ್ತಿದ್ದ ಉಪನ್ಯಾಸಗಳಲ್ಲಿ. ಅವರು ಮಾತಾಡುತ್ತಿದ್ದುದು ಉಗಿಯಂತ್ರದ ಬಗ್ಗೆ, ಊಟದ ಬಗ್ಗೆ ಅಲ್ಲ.

ಯಂತ್ರದ ಅಳತೆಯನ್ನು ಊಟಕ್ಕೆ ತಂದವರು ಜರ್ಮನರು. ಮ್ಯೂನಿಕ್‌ನಲ್ಲಿ ಫೋಯ್ಟ್ ಮತ್ತು ಪೆಟ್ಟೆನ್‌ಕೋಫರ್ 1860ರ ದಶಕದಲ್ಲಿ ಮನುಷ್ಯನೊಬ್ಬ ಒಳಗಿರಬಹುದಾದ ಉಸಿರಾಟದ ಕೋಣೆ ಕಟ್ಟಿದರು. ಫೋಯ್ಟ್ ಅವರ ಶಿಷ್ಯ ಮ್ಯಾಕ್ಸ್ ರುಬ್ನರ್ 1880ರ ದಶಕದಲ್ಲಿ ಪ್ರೋಟೀನ್, ಕೊಬ್ಬು, ಪಿಷ್ಟಗಳು ದೇಹಕ್ಕೆ ಕೊಡುವ ಶಕ್ತಿಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು.

ತಾಮ್ರದ ಕೋಣೆ ಮತ್ತು 4–9–4

ಫೋಯ್ಟ್ ಅವರಲ್ಲಿ ಕಲಿತು ಅಮೆರಿಕಕ್ಕೆ ಮರಳಿದ ವಿಲ್ಬರ್ ಅಟ್‌ವಾಟರ್, 1890ರ ದಶಕದಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ತಾಮ್ರದ ಗೋಡೆಯ ಕಿರುಕೋಣೆಯೊಂದನ್ನು ಕಟ್ಟಿದರು. ಭೌತವಿಜ್ಞಾನಿ ಎಡ್ವರ್ಡ್ ರೋಸಾ ಜೊತೆಗಿದ್ದರು. ಒಬ್ಬ ಮನುಷ್ಯ ದಿನಗಟ್ಟಲೆ ಅದರೊಳಗಿದ್ದು ಉಣ್ಣುತ್ತಿದ್ದ, ಮಲಗುತ್ತಿದ್ದ, ನಿಂತಲ್ಲೇ ಸೈಕಲ್ ತುಳಿಯುತ್ತಿದ್ದ. ಅವನ ಮೈಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿತ್ತು. ಒಳಗೆ ಹೋದ ಆಹಾರ, ಹೊರಗೆ ಬಂದ ಮಲಮೂತ್ರ ಎರಡನ್ನೂ ತೂಗಿ ಪರೀಕ್ಷಿಸುತ್ತಿದ್ದರು. ಇಂಥ ಶ್ರಮದಿಂದ ಸಿಕ್ಕ ಸರಳ ಸೂತ್ರವೇ ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಪಿಷ್ಟ-ಸಕ್ಕರೆಗಳಿಗೆ 4.

ಇಂದಿಗೂ ಹೆಚ್ಚಿನ ಪೊಟ್ಟಣಗಳ ಲೆಕ್ಕಕ್ಕೆ ಇದೇ ಆಧಾರ. ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ಹಳೆಯ ಕೋಷ್ಟಕದಂತೆ ನೂರು ಗ್ರಾಂನಲ್ಲಿ ಪ್ರೋಟೀನ್ 7.3, ಕೊಬ್ಬು 1.3, ಪಿಷ್ಟ 72 ಗ್ರಾಂ. ಮೊದಲನೆಯದನ್ನು 4ರಿಂದ, ಎರಡನೆಯದನ್ನು 9ರಿಂದ, ಮೂರನೆಯದನ್ನು ಮತ್ತೆ 4ರಿಂದ ಗುಣಿಸಿ ಕೂಡಿಸಿ: 29.2, 11.7, 288, ಒಟ್ಟು 328.9. ಕೋಷ್ಟಕದ 328 ಎಲ್ಲಿಂದ ಬಂತೆಂಬುದು ಈಗ ಸ್ಪಷ್ಟ. ಆಗ ಪಿಷ್ಟವನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಮಿಕ್ಕೆಲ್ಲ ಕಳೆದು ಉಳಿದದ್ದನ್ನು ಪಿಷ್ಟವೆಂದು ಬರೆಯುತ್ತಿದ್ದರು. ಹಾಗಾಗಿ ಜೀರ್ಣವಾಗದ ನಾರಿನ ಒಂದು ಪಾಲೂ ಅದರೊಳಗೆ ಸೇರಿಹೋಗುತ್ತಿತ್ತು. ಈಗ ನಾರನ್ನು ಪ್ರತ್ಯೇಕವಾಗಿ, ಪೂರ್ಣವಾಗಿ ಅಳೆಯುತ್ತಾರೆ.

ಅಟ್‌ವಾಟರ್ ಅವರ ಆಸೆ, ಕೂಲಿ ಮಾಡುವವರು ಕಡಿಮೆ ಹಣದಲ್ಲಿ ಹೊಟ್ಟೆ ತುಂಬಿಸಿಕೊಳ್ಳಲಿ ಎಂಬುದು. ಆದರೆ ಶಾಖವೊಂದನ್ನೇ ನೋಡಿದ ಅವರಿಗೆ ಸೊಪ್ಪು, ಹಣ್ಣು ದುಬಾರಿ ಖರ್ಚಾಗಿ ಕಂಡವು. ವಿಟಮಿನ್‌ಗಳ ಸಂಗತಿ ಆಗಿನ್ನೂ ತಿಳಿದಿರಲಿಲ್ಲ. 1918ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯೆ ಲುಲು ಹಂಟ್ ಪೀಟರ್ಸ್ ಬರೆದ ಪುಸ್ತಕ ಅದೇ ಅಳತೆಯನ್ನು ತೂಕ ಇಳಿಸುವವರ ಕೈಗೆ ಕೊಟ್ಟಿತು. ಹಸಿವಿಗೆಂದು ಹುಟ್ಟಿದ ಲೆಕ್ಕ ಮೈತೂಕದ ಲೆಕ್ಕವಾಯಿತು.

ಕೂನೂರಿನಿಂದ ತಿ. ನರಸೀಪುರಕ್ಕೆ

ಭಾರತದಲ್ಲಿ ಮಾತ್ರ ಅದು ಬಹುಕಾಲ ಹಸಿವಿನ ಲೆಕ್ಕವಾಗಿಯೇ ಉಳಿಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕಟ್ಟಿದ ಪ್ರಯೋಗಾಲಯದಿಂದ, ಡಬ್ಲ್ಯು. ಆರ್. ಅಯ್ಕ್ರಾಯ್ಡ್ ಅವರ ಮುಂದಾಳತ್ವದಲ್ಲಿ, ಭಾರತೀಯ ಆಹಾರಗಳ ಪೌಷ್ಟಿಕಮೌಲ್ಯದ ಕೈಪಿಡಿ 1937ರಲ್ಲಿ ಹೊರಬಂತು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಪ್ರೋಟೀನ್ ತುಂಬಿದ ಆಹಾರ ತಯಾರಿಸಿತು. ಮಕ್ಕಳಿಗೆ ಕೊರತೆಯಾಗಿರುವುದು ಪ್ರೋಟೀನ್ ಎಂಬುದು ಜಗತ್ತಿನೆಲ್ಲೆಡೆ ಆಗಿನ ನಂಬಿಕೆ. ಹೈದರಾಬಾದಿನ ಸಿ. ಗೋಪಾಲನ್ ಅದನ್ನು ಪ್ರಶ್ನಿಸಿದರು. ಮಗು ತನ್ನ ಮನೆಯ ಊಟವನ್ನೇ ಹೊಟ್ಟೆ ತುಂಬ ಉಂಡರೆ ಪ್ರೋಟೀನ್ ಬಹುಮಟ್ಟಿಗೆ ಅದರಲ್ಲೇ ದಕ್ಕುತ್ತದೆ, ಮೊದಲ ಕೊರತೆ ಕ್ಯಾಲೊರಿಯದು ಎಂದರು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಮಗುವಿಗೆ ದಿನಕ್ಕೆ 300 ಕ್ಯಾಲೊರಿಯ ಪೂರಕ ಆಹಾರ ಗೊತ್ತಾಯಿತು. ನಮ್ಮ ರಾಜ್ಯದಲ್ಲಿ ಆ ಯೋಜನೆ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. 1979ರಲ್ಲಿ ಹಳ್ಳಿಯವರಿಗೆ 2400, ಪೇಟೆಯವರಿಗೆ 2100 ಕ್ಯಾಲೊರಿ ಎಂಬ ಅಳತೆಯ ಮೇಲೆ ಬಡತನದ ರೇಖೆಯನ್ನೂ ಎಳೆದರು.

ಸರಾಸರಿಯ ಮಿತಿ

ಮುಂದಿನ ಸಂಶೋಧನೆಗಳು ಈ ಅಂಕಿಗಳನ್ನು ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು ಭಾರತೀಯರ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯನ್ನು ಅಳೆದು, ಅಂತರರಾಷ್ಟ್ರೀಯ ಸೂತ್ರಗಳು ನಮ್ಮವರ ವಿಷಯದಲ್ಲಿ ಹೆಚ್ಚು ತೋರಿಸುತ್ತವೆ ಎಂದು ಕಂಡರು. 2020ರ ರಾಷ್ಟ್ರೀಯ ಶಿಫಾರಸಿನಲ್ಲಿ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2110, ಹೆಂಗಸಿಗೆ 1660 ಕ್ಯಾಲೊರಿ ಎಂದಿದೆ. ಮೈಮುರಿದು ದುಡಿಯುವ ಗಂಡಸಿಗೆ ಮಾತ್ರ 3470.

ಆಹಾರದ ಕಡೆಯೂ ಹೀಗೆಯೇ. 28 ಗ್ರಾಂ ಬಾದಾಮಿಗೆ ಸುಮಾರು 170 ಕ್ಯಾಲೊರಿ ಎಂದಿತ್ತು. ತಿಂದವರ ದೇಹಕ್ಕೆ ನಿಜವಾಗಿ ದಕ್ಕಿದ್ದು 129 ಎಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಗಟ್ಟಿ ಕಾಳಿನ ಜೀವಕೋಶಗಳೊಳಗಿನ ಕೊಬ್ಬು ಪೂರ್ತಿ ಬಿಡುಗಡೆಯಾಗದೆ ಹೊರಹೋಗುತ್ತದೆ.

ಅಡುಗೆಮನೆಯಲ್ಲಿ

ಮನೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಹಸಿ ಧಾನ್ಯದ ಅಂಕಿಯನ್ನು ಬೆಂದ ಅಡುಗೆಗೆ ಹಚ್ಚುವುದು. ಎಸರಿಗೆ ನೂರು ಗ್ರಾಂ ಹಿಟ್ಟು ಹಾಕಿ ಗೂರಾಡಿ ಕಟ್ಟಿದ ಮುದ್ದೆ ಎರಡು-ಮೂರು ಪಟ್ಟು ತೂಗುತ್ತದೆ. ಹೆಚ್ಚಿದ ತೂಕ ನೀರಿನದು, ನೀರಿಗೆ ಕ್ಯಾಲೊರಿ ಇಲ್ಲ. ಎರಡನೆಯದು, ಎಣ್ಣೆಯನ್ನು ಮರೆಯುವುದು. ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ, ಅಂದರೆ ಹದಿನಾಲ್ಕು ಗ್ರಾಂ ಎಣ್ಣೆ, ಸುಮಾರು 125 ಕ್ಯಾಲೊರಿ; ಹೆಚ್ಚುಕಡಿಮೆ ನೂರು ಗ್ರಾಂ ಅನ್ನಕ್ಕೆ ಸಮ. ಅನ್ನ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ.

ಇನ್ನೂರು ವರ್ಷಗಳ ಈ ದುಡಿಮೆ ನಮಗೆ ಕೊಟ್ಟದ್ದು ಒಳ್ಳೆಯ ಅಂದಾಜು. ಅದನ್ನು ಅಂದಾಜಾಗಿಯೇ ಬಳಸೋಣ. ಎಣ್ಣೆ, ಸಕ್ಕರೆ, ಬೆಲ್ಲಗಳನ್ನು ಚಮಚದಲ್ಲಿ ಅಳೆದು ಹಾಕಿ. ಪೊಟ್ಟಣದ ಅಂಕಿ ನೂರು ಗ್ರಾಂಗೋ ಇಡೀ ಪೊಟ್ಟಣಕ್ಕೋ ಎಂದು ನೋಡಿಕೊಳ್ಳಿ. ಬೆಳೆಯುವ ಮಗುವಿನ, ಬೆವರು ಸುರಿಸಿ ಬಂದವರ ತಟ್ಟೆಗೆ ನಿಮ್ಮ ತೂಕ ಇಳಿಸುವ ಲೆಕ್ಕ ಹಚ್ಚಬೇಡಿ. ಅಟ್‌ವಾಟರ್ ಮಾಡಿದ ತಪ್ಪನ್ನು ನಾವು ಮತ್ತೆ ಮಾಡುವುದು ಬೇಡ: ಕ್ಯಾಲೊರಿ ಕಡಿಮೆಯೆಂಬ ಕಾರಣಕ್ಕೆ ಸೊಪ್ಪಿನ ಬೆಲೆ ಕಡಿಮೆಯಾಗುವುದಿಲ್ಲ.