ದುಡಿಯೋರು ನಾವು, ವೋಟು ಯಾರದ್ದು? ರಾಡ್‌ಬರ್ನ್‌ನ 88 ವರ್ಷಗಳ ಕಥೆ

ಇವತ್ತಿನದು ರಾಜರ ಕಥೆ ಅಲ್ಲ, ಯುದ್ಧದ ಕಥೆನೂ ಅಲ್ಲ. ಮನೆ ಮಾಲೀಕರ ಸಂಘದ ಕಥೆ. ಅಯ್ಯೋ, ಮೇಂಟೆನೆನ್ಸ್ ಬಿಲ್ಲು, ಪಾರ್ಕಿಂಗ್ ಜಗಳಕ್ಕೂ ಇತಿಹಾಸ ಇದೆಯಾ ಅಂತ ಸ್ಕಿಪ್ ಮಾಡ್ಬೇಡಿ. ಇದೆ. ಅದರೊಳಗೆ ಒಂದು ದೊಡ್ಡ ಪ್ರಶ್ನೆಯೂ ಇದೆ: ಒಂದು ಬಡಾವಣೆಗಾಗಿ ಜನ ದುಡ್ಡು ಕಟ್ತಾರೆ, ರಜೆ ದಿನ ಪುಕ್ಕಟೆ ಕೆಲಸ ಮಾಡ್ತಾರೆ. ಆದರೆ ಅಲ್ಲಿ ತೀರ್ಮಾನ ಮಾಡೋ ಹಕ್ಕು ಯಾರದ್ದು?

ಉತ್ತರ ಹುಡುಕೋಕೆ ಅಮೆರಿಕಕ್ಕೆ ಹೋಗೋಣ. ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿ ರಾಜ್ಯ, ಅಲ್ಲಿ ಫೇರ್ ಲಾನ್ ಅನ್ನೋ ಊರು. ವರ್ಷ 1929.

ಆಗಷ್ಟೇ ಅಮೆರಿಕದ ಬೀದಿಗಳನ್ನ ಕಾರುಗಳು ಆಕ್ರಮಿಸಿಕೊಂಡಿದ್ದವು. ಮಕ್ಕಳು ರಸ್ತೆಯಲ್ಲಿ ಆಡೋದು ಅಪಾಯದ ಮಾತಾಗಿತ್ತು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಅನ್ನೋ ಇಬ್ಬರು ವಿನ್ಯಾಸಕಾರರು ಇದಕ್ಕೊಂದು ಉಪಾಯ ಕಂಡುಹಿಡಿದರು. ಮನೆಗಳ ಮುಖವನ್ನ ರಸ್ತೆ ಕಡೆಯಿಂದ ತೋಟದ ಕಡೆಗೆ ತಿರುಗಿಸಿಬಿಟ್ಟರು. ಕಾರುಗಳಿಗೆ ಹಿಂದುಗಡೆ ಒಂದು ಕಡೆ ಮುಚ್ಚಿದ ಚಿಕ್ಕ ಗಲ್ಲಿಗಳು. ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಪಾರ್ಕು. ದೊಡ್ಡ ರಸ್ತೆ ಅಡ್ಡ ಬಂದ ಕಡೆ ನಡೆದು ಹೋಗೋರಿಗೆ ಕೆಳಸೇತುವೆ. ಮಗು ಒಂದು ದೊಡ್ಡ ರಸ್ತೆಯನ್ನೂ ದಾಟದೆ ಶಾಲೆಗೆ ಹೋಗಬೇಕು ಅನ್ನೋದು ಅವರ ಆಸೆ.

ಈ ಬಡಾವಣೆಯ ಹೆಸರು ರಾಡ್‌ಬರ್ನ್. ನಗರ ಯೋಜನೆ ಓದೋರೆಲ್ಲ ಇವತ್ತಿಗೂ ಇದನ್ನ ಓದ್ತಾರೆ. ನಮ್ಮ ಚಂಡೀಗಢಕ್ಕೆ ಲೆ ಕಾರ್ಬುಸಿಯೇ ಬರೋಕೆ ಮುಂಚೆ ಮೊದಲ ನಕ್ಷೆ ಹಾಕಿದ ಆಲ್ಬರ್ಟ್ ಮೇಯರ್ ಮೇಲೂ ರಾಡ್‌ಬರ್ನ್‌ನ ಪ್ರಭಾವ ಇತ್ತು.

ಆದರೆ ನಕ್ಷೆ ಹಾಕೋದು ಒಂದು, ನಡೆಸೋದು ಇನ್ನೊಂದು. ಎಲ್ಲರಿಗೂ ಸೇರಿದ ಪಾರ್ಕು ಅಂದ್ರೆ ಹುಲ್ಲು ಕತ್ತರಿಸೋರು ಯಾರು? ದೀಪ, ಆಟದ ಮೈದಾನ, ಈಜುಕೊಳ, ಇದಕ್ಕೆಲ್ಲ ದುಡ್ಡು ಎಲ್ಲಿಂದ? ಫೇರ್ ಲಾನ್ ಆಗ ಚಿಕ್ಕ ಊರು. ಇಷ್ಟೆಲ್ಲ ನೋಡಿಕೊಳ್ಳೋ ಶಕ್ತಿ ಅಲ್ಲಿನ ಆಡಳಿತಕ್ಕೆ ಇರಲಿಲ್ಲ. ಹಾಗಾಗಿ ಬಡಾವಣೆ ಕಟ್ಟುತ್ತಿದ್ದ ಸಿಟಿ ಹೌಸಿಂಗ್ ಕಾರ್ಪೊರೇಷನ್ ಒಂದು ಸಂಘ ಹುಟ್ಟುಹಾಕಿತು: ರಾಡ್‌ಬರ್ನ್ ಅಸೋಸಿಯೇಷನ್. ಅದರ ಕಾನೂನು ಚೌಕಟ್ಟು ರೂಪಿಸಿದ ವಕೀಲ ಚಾರ್ಲ್ಸ್ ಆಷರ್.

ಮನೆಯ ಕ್ರಯಪತ್ರಕ್ಕೇ ಷರತ್ತುಗಳನ್ನ ಕಟ್ಟಿಹಾಕಿದರು. ಮನೆ ಕೊಂಡವರು ಸಂಘಕ್ಕೆ ವರ್ಷ ವರ್ಷ ಹಣ ಕಟ್ಟಲೇಬೇಕು. ಮನೆಯ ಹೊರರೂಪ ಬದಲಿಸೋಕೆ ಸಂಘದ ಒಪ್ಪಿಗೆ ಬೇಕು. ಮನೆ ಮಾರಿದರೆ ಷರತ್ತುಗಳೂ ಮನೆ ಜೊತೆಗೇ ಹೊಸಬರಿಗೆ ಹೋಗ್ತವೆ. ಕೇಳಿದ ಹಾಗಿದೆ ಅಲ್ವಾ? ಇವತ್ತಿನ ಗೇಟೆಡ್ ಕಮ್ಯುನಿಟಿಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಹಣ ಕಟ್ಟೋರು ಎಲ್ಲ ಮನೆಯವರೂ. ಆದರೆ ಸಂಘದ ಸದಸ್ಯರು ಎಲ್ಲ ಮನೆಯವರೂ ಅಲ್ಲ! ಅಧಿಕಾರ ಇದ್ದದ್ದು ಟ್ರಸ್ಟಿಗಳ ಚಿಕ್ಕ ಮಂಡಳಿಯ ಕೈಯಲ್ಲಿ. ಮುಂದಿನ ಟ್ರಸ್ಟಿಗಳಾಗಿ ಯಾರು ನಿಲ್ಲಬೇಕು ಅನ್ನೋದರ ಮೇಲಿನ ಹಿಡಿತವೂ ಬಹುಮಟ್ಟಿಗೆ ಆ ವಲಯದ್ದೇ.

ಹೀಗೆ ಯಾಕೆ ಮಾಡಿದರು? ಸುಮ್ಮನೆ ದುರಾಸೆ ಅಂದುಬಿಟ್ಟರೆ ತಪ್ಪಾಗುತ್ತೆ. ಬಡಾವಣೆ ಇನ್ನೂ ಅರ್ಧ ಕಟ್ಟಿರಲಿಲ್ಲ. ಮೊದಲು ಬಂದ ನೂರು ಮನೆಯವರು ಸೇರಿ, ಪಾರ್ಕು ಬೇಡ, ಖರ್ಚು ಜಾಸ್ತಿ ಅಂದುಬಿಟ್ಟರೆ ಇಡೀ ನಕ್ಷೆಯೇ ಹಾಳಾಗುತ್ತಿತ್ತು. ಯೋಜನೆಯನ್ನ ಜನರ ಅವಸರದಿಂದ ಕಾಪಾಡಬೇಕು ಅನ್ನೋದು ಆ ಕಾಲದ ತಜ್ಞರ ನಂಬಿಕೆ. ಒಳ್ಳೇ ಉದ್ದೇಶ ಇರಬಹುದು. ಆದರೆ ತಾತ್ಕಾಲಿಕವಾಗಿ ಹಾಕಿದ ಬೀಗದ ಕೀಲಿಕೈ ಯಾರಿಗೆ, ಯಾವಾಗ ಕೊಡಬೇಕು ಅಂತ ಬರೆದಿಡಲಿಲ್ಲ. ಬೀಗ ಹಾಗೇ ಉಳಿಯಿತು.

ಮೊದಲ ಕುಟುಂಬಗಳು ಬಂದ ವರ್ಷವೇ, 1929ರ ಅಕ್ಟೋಬರ್‌ನಲ್ಲಿ, ಅಮೆರಿಕದ ಷೇರುಪೇಟೆ ಕುಸಿಯಿತು. 25,000 ಜನರಿಗೆ ಅಂತ ಯೋಚಿಸಿದ್ದ ಊರು ಒಂದು ಚಿಕ್ಕ ಭಾಗಕ್ಕೇ ನಿಂತುಹೋಯಿತು. 1930ರ ದಶಕದ ಮಧ್ಯದ ಹೊತ್ತಿಗೆ ಕಟ್ಟಿದ ಕಂಪನಿಯೇ ದಿವಾಳಿ! ಆದರೆ ನೋಡಿ, ಕಂಪನಿ ಹೋದರೂ ಸಂಘ ಉಳಿಯಿತು. ಪಾರ್ಕೂ ಉಳಿಯಿತು.

ಉಳಿಸಿದ್ದು ಬರೀ ಟ್ರಸ್ಟಿಗಳಲ್ಲ. ಅಲ್ಲಿ ನಿವಾಸಿಗಳದ್ದೇ ಇನ್ನೊಂದು ಕೂಟ ಇತ್ತು, ಸಿಟಿಜನ್ಸ್ ಅಸೋಸಿಯೇಷನ್. ಜನರೇ ಸೇರಿ ನಾಟಕ ಆಡಿದರು, ಮಕ್ಕಳಿಗೆ ಆಟೋಟ ನಡೆಸಿದರು. ರಾಡ್‌ಬರ್ನ್ ಪ್ಲೇಯರ್ಸ್ ಅನ್ನೋ ಹವ್ಯಾಸಿ ನಾಟಕ ತಂಡ ಅಲ್ಲೇ ಬೆಳೆಯಿತು. ಬಡಾವಣೆಗೆ ಜೀವ ತುಂಬಿದ್ದು ಇಂಥ ಸ್ವಯಂಸೇವಕರು. ಅಂದರೆ ಕೆಲಸಕ್ಕೆ ಬಾಗಿಲು ತೆರೆದಿತ್ತು. ಲೆಕ್ಕಪತ್ರ, ಬಜೆಟ್, ಜಮೀನಿನ ತೀರ್ಮಾನಗಳ ಬಾಗಿಲು ಮಾತ್ರ ಬೇರೆ.

ಇದು ದಶಕಗಟ್ಟಲೆ ನಡೆಯಿತು. ಎಲ್ಲ ಚೆನ್ನಾಗಿರೋವಾಗ ಬೈಲಾ ಓದೋರು ಯಾರು ಹೇಳಿ? 2005ರಲ್ಲಿ ರಾಡ್‌ಬರ್ನ್‌ಗೆ ರಾಷ್ಟ್ರೀಯ ಐತಿಹಾಸಿಕ ತಾಣ ಅನ್ನೋ ಗೌರವ ಸಿಕ್ಕಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜಗಳವೂ ಶುರು. ಡೇಲಿ ಫೀಲ್ಡ್ ಅನ್ನೋ ಮೈದಾನದಲ್ಲಿ ಹೊಸ ಮನೆ ಕಟ್ಟೋ ಯೋಜನೆ ಬಂತು. ಆಗ ಕೆಲವು ನಿವಾಸಿಗಳು, ನಮ್ಮನ್ನ ಕೇಳದೆ ಇದನ್ನ ತೀರ್ಮಾನ ಮಾಡೋಕೆ ನೀವು ಯಾರು ಅಂತ ಕೇಳಿದರು. ಉತ್ತರ ಹಳೇ ಕಾಗದದಲ್ಲೇ ಇತ್ತು.

ಅವರು ಕೋರ್ಟಿಗೆ ಹೋದರು. ಆಡಳಿತದ ರಚನೆ ಬದಲಿಸೋ ವಿಷಯದಲ್ಲಿ ಸೋತರು; ಮೇಲ್ಮನವಿಯಲ್ಲೂ ಆ ರಚನೆ ಉಳಿಯಿತು. ಆಮೇಲೆ ಹಿಡಿದ ದಾರಿ ಶಾಸನಸಭೆಯದ್ದು. 2017ರ ಜುಲೈನಲ್ಲಿ ನ್ಯೂಜೆರ್ಸಿಯ ಗವರ್ನರ್ ಒಂದು ಕಾನೂನಿಗೆ ಸಹಿ ಹಾಕಿದರು. ಇಂಥ ಸಂಘಗಳಲ್ಲಿ ಪ್ರತಿಯೊಬ್ಬ ಮಾಲೀಕರೂ ಸದಸ್ಯರು. ಬಾಕಿ ಉಳಿಸಿಕೊಳ್ಳದ ಮಾಲೀಕರು ಚುನಾವಣೆಗೆ ನಿಲ್ಲಬಹುದು, ವೋಟು ಹಾಕಬಹುದು. ಇಡೀ ರಾಜ್ಯಕ್ಕೆ ಅನ್ವಯಿಸೋ ಈ ಕಾನೂನನ್ನ ಜನ ಕರೆಯೋದೇ ರಾಡ್‌ಬರ್ನ್ ಕಾನೂನು ಅಂತ. 1929ರಿಂದ 2017, ಲೆಕ್ಕ ಹಾಕಿ: 88 ವರ್ಷ!

ಹಾಗಾದ್ರೆ ಟ್ರಸ್ಟಿಗಳೆಲ್ಲ ಖಳನಾಯಕರಾ? ನಂಗೆ ಹಾಗನ್ನಿಸಲ್ಲ. ಅವರ ಕಾಲದಲ್ಲೇ ಪಾರ್ಕುಗಳು ಉಳಿದವು. ಎಲ್ಲರೂ ವೋಟು ಹಾಕಿದ್ದರೆ ಎಂದೋ ಕಾರ್ ಪಾರ್ಕಿಂಗ್ ಆಗ್ತಿತ್ತು ಅಂತ ವಾದ ಮಾಡೋರೂ ಇರಬಹುದು. ನಾನು ಒಪ್ಪದಿರೋದು ಒಂದೇ ಮಾತನ್ನ: ಜನರಿಂದ ದುಡ್ಡು, ದುಡಿಮೆ ಎರಡನ್ನೂ ತಗೊಂಡು, ನಿಮಗೆ ಯೋಜನೆ ಅರ್ಥ ಆಗಲ್ಲ ಅನ್ನೋದು. ರಾತ್ರಿ ಕೂತು ನಾಟಕದ ಪರದೆ ಹೊಲಿದವರಿಗೆ ಬಜೆಟ್ ಓದೋಕೆ ಬರಲ್ವಾ?

ನಮ್ಮ ಕಡೆ ಕಾಗದದ ಮೇಲೆ ಪರಿಸ್ಥಿತಿ ಉತ್ತಮ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಂಘ ಅಂದ್ರೆ ಫ್ಲ್ಯಾಟ್ ಮಾಲೀಕರೆಲ್ಲರೂ. ಮಂಡಳಿಯನ್ನ ಆರಿಸೋದು ಅವರೇ. ರಾಡ್‌ಬರ್ನ್‌ನವರು ಕಾದು ಪಡೆದದ್ದು ನಮಗೆ ಮೊದಲೇ ಇತ್ತು. ಆದರೆ ವಾರ್ಷಿಕ ಸಭೆಯ ದಿನ ಖಾಲಿ ಕುರ್ಚಿ ಎಷ್ಟಿರ್ತವೆ ಅಂತ ನಿಮಗೆ ಗೊತ್ತೇ ಇದೆ. ಇನ್ನು ಬಾಡಿಗೆಗೆ ಇರೋರು? ರಾಜ್ಯೋತ್ಸವಕ್ಕೆ ತೋರಣ ಕಟ್ಟೋಕೆ, ಗಿಡ ನೆಡೋಕೆ ಅವರು ಬೇಕು. ಸಭೆಯಲ್ಲಿ ವೋಟು ಮಾಲೀಕರದ್ದು. ನಿಮ್ಮಲ್ಲಿ ಅರ್ಧ ಜನ ಆ ಸಾಲಿನಲ್ಲೇ ಇರಬಹುದು. ಆ ಪ್ರಶ್ನೆಗೆ ರಾಡ್‌ಬರ್ನ್ ಕಾನೂನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಮುಂದಿನ ಸಲ ವಾಟ್ಸಾಪ್ ಗ್ರೂಪಲ್ಲಿ ಸ್ವಯಂಸೇವಕರು ಬೇಕು ಅಂತ ಮೆಸೇಜ್ ಬಂದಾಗ ಖಂಡಿತ ಹೋಗಿ. ಜೊತೆಗೆ ಬೈಲಾದ ಒಂದು ಪ್ರತಿ ಕೇಳಿ ತಗೊಳ್ಳಿ. ಸದಸ್ಯರು ಯಾರು, ಲೆಕ್ಕ ನೋಡೋ ಹಕ್ಕು ಯಾರಿಗಿದೆ, ಇವೆರಡನ್ನ ಓದೋಕೆ ಹತ್ತು ನಿಮಿಷ ಸಾಕು. ಜಗಳ ಬಂದಮೇಲೆ ಓದೋದಕ್ಕಿಂತ ಈಗಲೇ ಓದೋದು ವಾಸಿ.

ಇವತ್ತಿಗೆ ಇಷ್ಟೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.